ಅಮಾಲೇಕ್ಯರ ಕೂಸುಗಳು ಮತ್ತು ದೇವರ ನ್ಯಾಯ: ಸತ್ಯವೇದದ ಕಠಿಣ ಭಾಗಗಳನ್ನು ಓದುವುದು ಹೇಗೆ?

ಒಂದನೆಯ ಸಮುವೇಲ ಪುಸ್ತಕದ 15ನೇ ಅಧ್ಯಾಯ, 3ನೇ ವಚನ. ಪ್ರವಾದಿ ಸಮುವೇಲನು ಅರಸ ಸೌಲನಿಗೆ ಒಂದು ಆಜ್ಞೆ ಮುಟ್ಟಿಸುತ್ತಾನೆ. ಇಸ್ರಾಯೇಲ್ಯರ ಹಳೆಯ ಶತ್ರುಗಳಾದ ಅಮಾಲೇಕ್ಯರ ಮೇಲೆ ಬೀಳಬೇಕು. ಗಂಡಸು, ಹೆಂಗಸು, ಮಗು, ಮೊಲೆಕೂಸು, ದನ, ಕುರಿ, ಒಂಟೆ, ಕತ್ತೆ ಯಾವುದನ್ನೂ ಉಳಿಸಕೂಡದು. ಆಜ್ಞೆ ಯೆಹೋವನದೇ ಎಂದು ಅಲ್ಲಿ ಬರೆದಿದೆ. ಈ ಹೆಸರು ಹಳೆಯ ಹಾಳೆಗಳಲ್ಲೇ ಉಳಿದಿಲ್ಲ. 2023ರ ಅಕ್ಟೋಬರ್ 28ರಂದು ಇಸ್ರೇಲಿನ ಪ್ರಧಾನಿ ಬೆಂಜಮಿನ್ ನೆತನ್ಯಾಹು ಗಾಜಾ ಯುದ್ಧದ ಬಗ್ಗೆ ಮಾತನಾಡುತ್ತ, ಅಮಾಲೇಕನು ಮಾಡಿದ್ದನ್ನು ನೆನಪಿಡಬೇಕು ಎಂದರು. ದಕ್ಷಿಣ ಆಫ್ರಿಕಾ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಸಲ್ಲಿಸಿದ ಅರ್ಜಿಯಲ್ಲಿ ಆ ಮಾತನ್ನು ಎತ್ತಿ ತೋರಿಸಿತು. ನೆನಪಿಸಿದ್ದು ಹಮಾಸ್ ಎಸಗಿದ ಕೃತ್ಯವನ್ನು, ಅದು ನರಮೇಧದ ಕರೆಯಲ್ಲ ಎಂದು ಪ್ರಧಾನಿಯ ಕಚೇರಿ ಉತ್ತರಿಸಿತು. ಆ ವಚನ ಕ್ರೈಸ್ತರ ಸತ್ಯವೇದದಲ್ಲೂ ಇರುವುದರಿಂದ, ಅದನ್ನು ಓದುವ ಪ್ರತಿ ಕ್ರೈಸ್ತನ ಮುಂದೆಯೂ ಪ್ರಶ್ನೆ ನಿಂತೇ ಇದೆ.

ಒಂದೇ ಎಂದು ಕಾಣುವ ಆ ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳು ಹೆಣೆದುಕೊಂಡಿವೆ. ಒಳ್ಳೆಯವನೂ ಸರ್ವಶಕ್ತನೂ ಆದ ದೇವರಿದ್ದರೆ ಕೆಡುಕು ಯಾಕಿದೆ ಎಂಬುದು ಮೊದಲನೆಯದು. ನಮಗೆ ಕೆಡುಕೆಂದು ತೋರುವುದನ್ನು ದೇವರೇ ಆಜ್ಞಾಪಿಸಿದರೆ ಅದು ನ್ಯಾಯವೇ ಎಂಬುದು ಎರಡನೆಯದು. ಹಾಗೆ ಆಜ್ಞಾಪಿಸಿದನೆಂದು ಬರೆದಿರುವ ಭಾಗವನ್ನು ಹೇಗೆ ಓದಬೇಕು ಎಂಬುದು ಮೂರನೆಯದು. ಒಂದರ ಉತ್ತರವನ್ನು ಇನ್ನೊಂದಕ್ಕೆ ಅಂಟಿಸಿದಾಗಲೇ ಚರ್ಚೆ ಹಳಿ ತಪ್ಪುತ್ತದೆ. ದೇವರು ಮನುಷ್ಯನಿಗೆ ಸ್ವಾತಂತ್ರ್ಯ ಕೊಟ್ಟಿದ್ದಾನೆ ಎಂಬ ಮಾತು ಕಾಯಿನನು ಹೇಬೆಲನನ್ನು ಕೊಂದದ್ದಕ್ಕೆ ಹೊಂದುತ್ತದೆ. ಸೌಲನ ವಿಷಯದಲ್ಲಿ ಅದು ಕೆಲಸಕ್ಕೆ ಬಾರದು. ಸೌಲನು ತನ್ನ ಸ್ವಾತಂತ್ರ್ಯ ಬಳಸಿ ಅರಸ ಅಗಾಗನನ್ನೂ ಒಳ್ಳೆಯ ದನಕುರಿಗಳನ್ನೂ ಉಳಿಸಿದ್ದೇ ಅಲ್ಲಿ ಅಪರಾಧವಾಯಿತು.

ಕೆಡುಕು ಯಾಕಿದೆ?

ಮೊದಲ ಪ್ರಶ್ನೆಯ ಹಳೆಯ ರೂಪ ನಾಲ್ಕನೇ ಶತಮಾನದ ಕ್ರೈಸ್ತ ಲೇಖಕ ಲ್ಯಾಕ್ಟಾಂಟಿಯಸ್ ಅವರ ಬರಹದಲ್ಲಿ ಸಿಗುತ್ತದೆ. ಅವರು ಅದನ್ನು ಗ್ರೀಕ್ ತತ್ವಜ್ಞಾನಿ ಎಪಿಕ್ಯೂರಸ್‌ನದೆಂದು ಹೇಳಿ ಉತ್ತರಿಸಲು ಹೊರಡುತ್ತಾರೆ: ದೇವರಿಗೆ ಕೆಡುಕನ್ನು ತೆಗೆಯುವ ಮನಸ್ಸಿದ್ದು ಬಲವಿಲ್ಲವೋ, ಬಲವಿದ್ದು ಮನಸ್ಸಿಲ್ಲವೋ? ಎರಡೂ ಇದ್ದರೆ ಕೆಡುಕು ಎಲ್ಲಿಂದ ಬಂತು?

ಹಿಪ್ಪೋ ಪಟ್ಟಣದ ಸಭಾಧ್ಯಕ್ಷರಾಗಿದ್ದ ಅಗಸ್ಟೀನರು (354–430) ಕೊಟ್ಟ ಉತ್ತರ ಪಶ್ಚಿಮದ ಸಭೆಯನ್ನು ಸಾವಿರ ವರ್ಷ ಆಳಿತು. ಅವರು ಯೌವನದಲ್ಲಿ ಸುಮಾರು ಒಂಬತ್ತು ವರ್ಷ ಮಾನಿ ಮತದ ಅನುಯಾಯಿ. ಆ ಮತದ ಪ್ರಕಾರ ಬೆಳಕು ಮತ್ತು ಕತ್ತಲೆ ಎರಡೂ ಸ್ವತಂತ್ರ ಶಕ್ತಿಗಳು. ಅದನ್ನು ಬಿಟ್ಟ ಅಗಸ್ಟೀನರು ಕೆಡುಕು ಎಂಬುದೊಂದು ವಸ್ತುವೇ ಅಲ್ಲ, ಇರಬೇಕಾದ ಒಳಿತು ಇಲ್ಲದಿರುವುದೇ ಕೆಡುಕು ಎಂದರು. ಅದು ಹುಟ್ಟಿದ್ದು ದೇವರಿಂದಲ್ಲ, ಸೃಷ್ಟಿಯಾದವರ ಇಚ್ಛೆ ಅಡ್ಡದಾರಿ ಹಿಡಿದಿದ್ದರಿಂದ. ಎರಡನೇ ಶತಮಾನದ ಐರೇನಿಯಸರಲ್ಲಿ ಬೇರೊಂದು ಎಳೆ ಇತ್ತು: ಮನುಷ್ಯನು ಪೂರ್ಣನಾಗಿ ಸೃಷ್ಟಿಯಾಗಿ ಬಿದ್ದವನಲ್ಲ, ಮಗುವಿನಂತೆ ಸೃಷ್ಟಿಯಾಗಿ ಬೆಳೆಯಬೇಕಾದವನು. 1966ರಲ್ಲಿ ತತ್ವಜ್ಞಾನಿ ಜಾನ್ ಹಿಕ್ ಈ ಎಳೆಯನ್ನು ಹಿಡಿದು, ಲೋಕವಿರುವುದು ಆತ್ಮಗಳು ರೂಪುಗೊಳ್ಳಲಿ ಎಂದು, ಕಷ್ಟವಿಲ್ಲದೆ ಧೈರ್ಯ, ಕರುಣೆಗಳು ಹುಟ್ಟವು ಎಂದು ವಾದ ಕಟ್ಟಿದರು.

ಎರಡರಲ್ಲೂ ತೊಡಕಿದೆ. ಅಗಸ್ಟೀನರ ಉತ್ತರ ಭೂಕಂಪದ ಮುಂದೆ ತಡವರಿಸುತ್ತದೆ. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಗ್ಗೆ, ಲಿಸ್ಬನ್ ನಗರ ಕುಸಿದಾಗ ಸಾವಿರಾರು ಜನ ಚರ್ಚುಗಳಲ್ಲೇ ಇದ್ದರು. ಅಲ್ಲಿ ಯಾರ ಇಚ್ಛೆ ಅಡ್ಡದಾರಿ ಹಿಡಿದಿತ್ತು? ಇದು ಸಾಧ್ಯವಿರುವ ಲೋಕಗಳಲ್ಲೇ ಅತ್ಯುತ್ತಮವಾದದ್ದು ಎಂದು 1710ರಲ್ಲಿ ಲೈಬ್ನಿಜ್ ಮಂಡಿಸಿದ್ದ ವಾದವನ್ನು ಯೂರೋಪು ಆ ದಿನದ ನಂತರ ಮೊದಲಿನ ನೆಮ್ಮದಿಯಿಂದ ಓದಲಿಲ್ಲ. ಹಿಕ್ ಅವರ ಉತ್ತರಕ್ಕೆ ಇನ್ನೂ ದೊಡ್ಡ ಅಡ್ಡಿ ಮೂರು ತಿಂಗಳ ಕೂಸಿನ ಸಾವು. ಆ ಕೂಸಿನ ಆತ್ಮಕ್ಕೆ ಈ ಲೋಕದಲ್ಲಿ ರೂಪುಗೊಳ್ಳಲು ಸಮಯವೇ ಸಿಗಲಿಲ್ಲ. ಬೆಳವಣಿಗೆ ಸತ್ತ ಮೇಲೂ ಮುಂದುವರಿಯುತ್ತದೆ ಎಂದು ಹಿಕ್ ಸೇರಿಸಬೇಕಾಯಿತು.

ಇಪ್ಪತ್ತನೇ ಶತಮಾನದ ತತ್ವಶಾಸ್ತ್ರದಲ್ಲಿ ಚರ್ಚೆ ಹೆಚ್ಚು ಖಚಿತವಾಯಿತು. ಸರ್ವಶಕ್ತ, ಪೂರ್ಣ ಒಳ್ಳೆಯವ, ಆದರೂ ಕೆಡುಕಿದೆ ಎಂಬ ಮೂರು ಮಾತು ಒಟ್ಟಿಗೆ ಸತ್ಯವಾಗಲು ತಾರ್ಕಿಕವಾಗಿಯೇ ಸಾಧ್ಯವಿಲ್ಲ ಎಂದು 1955ರಲ್ಲಿ ಜೆ. ಎಲ್. ಮ್ಯಾಕಿ ವಾದಿಸಿದರು. 1970ರ ದಶಕದಲ್ಲಿ ಆಲ್ವಿನ್ ಪ್ಲಾಂಟಿಂಗ ಉತ್ತರಿಸಿದರು: ನಿಜವಾದ ಸ್ವಾತಂತ್ರ್ಯವಿರುವ ಜೀವಿಗಳನ್ನು ಸೃಷ್ಟಿಸಿ, ಅವರು ಒಮ್ಮೆಯೂ ತಪ್ಪು ಮಾಡದಂತೆ ನೋಡಿಕೊಳ್ಳುವುದು ಸರ್ವಶಕ್ತನಿಗೂ ಆಗದಿರಬಹುದು. ಪ್ಲಾಂಟಿಂಗ ಇಲ್ಲಿ ಹೇಳುತ್ತಿರುವುದು ದೇವರು ಕೆಡುಕನ್ನು ಇದೇ ಕಾರಣಕ್ಕೆ ಬಿಟ್ಟಿದ್ದಾನೆ ಎಂದಲ್ಲ, ವಿರೋಧಾಭಾಸವಿಲ್ಲ ಎಂದಷ್ಟೇ. ಪ್ರಸಂಗಗಳಲ್ಲಿ ಈ ವ್ಯತ್ಯಾಸ ಬಹುಪಾಲು ಕಳೆದುಹೋಗುತ್ತದೆ. ತರ್ಕದ ರಕ್ಷಣೆಗೆ ಕಟ್ಟಿದ ವಾದವನ್ನು ನೊಂದವರಿಗೆ ವಿವರಣೆಯಾಗಿ ಕೊಟ್ಟರೆ, ಅದು ಹೊರಲಾರದ ಭಾರವನ್ನು ಅದರ ಮೇಲೆ ಹೇರಿದಂತೆ.

1979ರಲ್ಲಿ ವಿಲಿಯಂ ರೋ ಪ್ರಶ್ನೆಯ ದಿಕ್ಕು ಬದಲಿಸಿದರು. ಸಿಡಿಲಿನಿಂದ ಕಾಡಿಗೆ ಬೆಂಕಿ ಬಿದ್ದು, ಒಂದು ಜಿಂಕೆಮರಿ ಸುಟ್ಟ ಮೈಯಲ್ಲಿ ಐದಾರು ದಿನ ನರಳಿ ಸಾಯುತ್ತದೆ, ಯಾರೂ ನೋಡಿಲ್ಲ. ಈ ನೋವಿನಿಂದ ಯಾವ ಒಳಿತೂ ಬಂದಂತೆ ಕಾಣುವುದಿಲ್ಲ. ಇಂಥವು ಅಸಂಖ್ಯ ಇರುವಾಗ ದೇವರಿಲ್ಲ ಎಂದು ನಂಬಲು ಒಳ್ಳೆಯ ಕಾರಣವಿದೆ ಎಂಬುದು ಅವರ ವಾದ. ಇದಕ್ಕೆ 1984ರಲ್ಲಿ ಸ್ಟೀಫನ್ ವೈಕ್‌ಸ್ಟ್ರಾ ಕೊಟ್ಟ ಉತ್ತರ ಇಂದಿಗೂ ಚಾಲ್ತಿಯಲ್ಲಿದೆ: ನಮಗೆ ಕಾರಣ ಕಾಣದಿರುವುದು ಕಾರಣವಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ, ಯಾಕೆಂದರೆ ದೇವರ ಕಾರಣಗಳು ನಮ್ಮ ಬುದ್ಧಿಗೆ ಎಟುಕಬೇಕೆಂದೇನಿಲ್ಲ. ವಿನಯದ ಉತ್ತರ, ಆದರೆ ದುಬಾರಿ. ದೇವರ ಉದ್ದೇಶಗಳು ಅಷ್ಟು ಮರೆಯಲ್ಲಿದ್ದರೆ ಆತನ ವಾಗ್ದಾನಗಳನ್ನು ಯಾವ ಆಧಾರದ ಮೇಲೆ ನಂಬುವುದು? ಕಣ್ಣೆದುರಿನ ಹಿಂಸೆಯನ್ನು ತಡೆಯಬೇಕೇ ಬೇಡವೇ ಎಂಬುದನ್ನಾದರೂ ಹೇಗೆ ನಿರ್ಧರಿಸುವುದು? ಅದರಿಂದಲೂ ಗುಪ್ತ ಒಳಿತು ಬರಬಹುದಲ್ಲ?

ಈ ಸಾಲಿನಲ್ಲಿ ನನಗೆ ಅತ್ಯಂತ ಪ್ರಾಮಾಣಿಕವೆನಿಸುವುದು ಮಾರಿಲಿನ್ ಮೆಕಾರ್ಡ್ ಆಡಮ್ಸ್ 1999ರಲ್ಲಿ ಮಂಡಿಸಿದ ನಿಲುವು. ಅನುಭವಿಸಿದವರ ಬದುಕಿಗೆ ಅರ್ಥವೇ ಇಲ್ಲವೆನಿಸುವಷ್ಟು ಘೋರವಾದ ಕೆಡುಕುಗಳನ್ನು ಅವರು ಪ್ರತ್ಯೇಕವಾಗಿ ಎತ್ತಿಕೊಂಡರು. ಒಟ್ಟು ಲೋಕಕ್ಕೆ ಲಾಭವಾಯಿತು ಎಂಬ ಲೆಕ್ಕ ಅಲ್ಲಿ ಸಾಲದು. ಒಳ್ಳೆಯ ದೇವರು ಪ್ರತಿಯೊಬ್ಬ ವ್ಯಕ್ತಿಗೂ, ಆ ವ್ಯಕ್ತಿಯ ಬದುಕಿನೊಳಗೇ, ಆ ನೋವನ್ನು ಮೀರುವ ಒಳಿತನ್ನು ಕೊಡಬೇಕು ಎಂದರು. ಯಾಕೆ ಎಂಬ ಪ್ರಶ್ನೆಗೆ ಅವರು ಉತ್ತರ ಕೊಡಲು ಹೋಗುವುದಿಲ್ಲ. ಆದರೆ ದೇವರು ಏನು ಮಾಡಿದರೆ ಒಳ್ಳೆಯವನೆನಿಸಿಕೊಳ್ಳುತ್ತಾನೆ ಎಂಬ ಅಳತೆಯನ್ನು ಕೆಳಗಿಳಿಸುವುದೂ ಇಲ್ಲ.

ಕಾನಾನಿನ ಯುದ್ಧಗಳು

ಎರಡನೆಯ ಪ್ರಶ್ನೆ ಇದಕ್ಕಿಂತ ಹರಿತ. ಧರ್ಮೋಪದೇಶಕಾಂಡ 20:16–18 ಇಸ್ರಾಯೇಲ್ಯರು ವಶಮಾಡಿಕೊಳ್ಳಲು ಹೊರಟಿದ್ದ ಕಾನಾನ್ ದೇಶದ ಪಟ್ಟಣಗಳಲ್ಲಿ ಉಸಿರಾಡುವ ಯಾವುದನ್ನೂ ಉಳಿಸಬೇಡಿ ಎನ್ನುತ್ತದೆ. ಯೆಹೋಶುವ 6ರಲ್ಲಿ ಯೆರಿಕೋ ಪಟ್ಟಣಕ್ಕೆ ಅದೇ ಗತಿ. ಉಳಿಯುವುದು ಇಸ್ರಾಯೇಲ್ಯರ ಗೂಢಚಾರರನ್ನು ಅಡಗಿಸಿಟ್ಟಿದ್ದ ರಾಹಾಬಳ ಮನೆತನ ಮಾತ್ರ. ಕ್ರೈಸ್ತ ವ್ಯಾಖ್ಯಾನಕಾರರು ಇದಕ್ಕೆ ಕೊಟ್ಟಿರುವ ಉತ್ತರಗಳಲ್ಲಿ ಒಂದೂ ಪುಕ್ಕಟೆ ಸಿಗುವುದಿಲ್ಲ.

ಅತ್ಯಂತ ನೇರವಾದದ್ದು ಹದಿನಾರನೇ ಶತಮಾನದ ಸಭಾಸುಧಾರಕ ಕ್ಯಾಲ್ವಿನ್ ಮೊದಲಾದವರ ಉತ್ತರ: ಜೀವ ಕೊಟ್ಟವನಿಗೆ ತೆಗೆಯುವ ಹಕ್ಕಿದೆ, ಆತನು ಆಜ್ಞಾಪಿಸಿದ್ದು ಆ ಕಾರಣಕ್ಕೇ ನ್ಯಾಯ. ಇದರಲ್ಲಿ ನುಣುಚಿಕೊಳ್ಳುವಿಕೆ ಇಲ್ಲ. ಆದರೆ ಇದನ್ನು ಒಪ್ಪಿದರೆ 'ದೇವರು ಒಳ್ಳೆಯವನು' ಎಂಬ ಮಾತು ಬರಿದಾಗುತ್ತದೆ. ಏನು ಮಾಡಿದರೂ ಒಳ್ಳೆಯದೇ ಎಂದಾದರೆ ಒಳ್ಳೆಯವನೆಂದು ಹೊಗಳುವುದಕ್ಕೆ ಅರ್ಥ ಉಳಿಯುವುದಿಲ್ಲ. ಅಬ್ರಹಾಮನೇ ಆದಿಕಾಂಡ 18:25ರಲ್ಲಿ ಬೇರೆ ದಾರಿ ಹಿಡಿಯುತ್ತಾನೆ. ಸರ್ವಲೋಕಕ್ಕೆ ನ್ಯಾಯತೀರಿಸುವವನು ನ್ಯಾಯವನ್ನೇ ನಡೆಸಬೇಕಲ್ಲವೇ ಎಂದು ದೇವರ ಮುಖಕ್ಕೇ ಕೇಳಿ, ಸೊದೋಮನ್ನು ಉಳಿಸಲು ಐವತ್ತು ನೀತಿವಂತರಿಂದ ಹತ್ತರವರೆಗೆ ಚೌಕಾಶಿ ಮಾಡುತ್ತಾನೆ. ದೇವರು ಅವನನ್ನು ಗದರಿಸುವುದಿಲ್ಲ.

ಎರಡನೆಯವರು ಇದನ್ನು ತೀರ್ಪು ಎನ್ನುತ್ತಾರೆ. ಆದಿಕಾಂಡ 15:16ರಲ್ಲಿ ಅಮೋರಿಯರ ಅಪರಾಧ ಇನ್ನೂ ತುಂಬಿಲ್ಲ ಎಂದು ದೇವರು ತಲೆಮಾರುಗಳ ಕಾಲ ತಡೆಯುತ್ತಾನೆ. ಧರ್ಮೋಪದೇಶಕಾಂಡ 9:5 ಇಸ್ರಾಯೇಲ್ಯರ ನೀತಿಯಿಂದಲ್ಲ, ಆ ಜನರ ದುಷ್ಟತನದಿಂದ ಅವರನ್ನು ಹೊರಡಿಸಲಾಗುತ್ತಿದೆ ಎನ್ನುತ್ತದೆ. ಇದೇ ಪಾಪಕ್ಕೆ ಇಸ್ರಾಯೇಲ್ಯರೂ ಮುಂದೆ ದೇಶಭ್ರಷ್ಟರಾದರು, ಆದ್ದರಿಂದ ಜನಾಂಗದ್ವೇಷದ ಮಾತಿಲ್ಲ ಎಂಬ ಅವರ ವಾದದಲ್ಲಿ ತೂಕವಿದೆ. ಕೂಸುಗಳ ವಿಷಯಕ್ಕೆ ಬಂದಾಗ ಅದು ನಿಂತುಹೋಗುತ್ತದೆ. ತಂದೆಯ ಪಾಪವನ್ನು ಮಗ ಹೊರುವುದಿಲ್ಲ ಎಂದು ಯೆಹೆಜ್ಕೇಲ 18:20 ಹೇಳುತ್ತದೆ. ಯೋನನ ಪುಸ್ತಕದ ಕೊನೆಯ ವಚನದಲ್ಲಿ, ಎಡಗೈ ಬಲಗೈ ತಿಳಿಯದ 1,20,000 ಜನರೂ ಬಹಳ ಪಶುಗಳೂ ಇರುವ ನಿನೆವೆಗಾಗಿ ನಾನು ಕನಿಕರಿಸಬಾರದೇ ಎಂದು ದೇವರೇ ಕೇಳುತ್ತಾನೆ. ಆ ಕನಿಕರ ಅಮಾಲೇಕ್ಯರ ಕೂಸುಗಳಿಗೂ ದನಗಳಿಗೂ ಯಾಕಿಲ್ಲ ಎಂದು ಕೇಳಲು ಗ್ರಂಥವೇ ನಮಗೆ ಕಲಿಸಿದೆ.

ಈಚಿನ ಎರಡು ದಶಕಗಳಲ್ಲಿ ಸುವಾರ್ತಾವಾದಿ (ಇವ್ಯಾಂಜೆಲಿಕಲ್) ವಿದ್ವಾಂಸರಲ್ಲಿ ಹೆಚ್ಚು ಪ್ರಚಾರ ಪಡೆದದ್ದು ಮೂರನೆಯ ಉತ್ತರ: ಇದು ಯುದ್ಧಕಾಲದ ಉತ್ಪ್ರೇಕ್ಷೆ. ಪಾಲ್ ಕೋಪನ್ ಮತ್ತು ಮ್ಯಾಥ್ಯೂ ಫ್ಲಾನಗನ್ 2014ರಲ್ಲಿ ಇದನ್ನು ವಿಸ್ತಾರವಾಗಿ ವಾದಿಸಿದರು. ಇದಕ್ಕೆ ಆಧಾರಗಳು ಗಟ್ಟಿಯಾಗಿವೆ. ಕ್ರಿ.ಪೂ. ಸುಮಾರು 1208ರ ಈಜಿಪ್ಟಿನ ಮೆರ್ನೆಪ್ಟಾ ಶಿಲಾಶಾಸನ ಇಸ್ರಾಯೇಲ್ ಹಾಳಾಯಿತು, ಅದರ ಬೀಜವೇ ಇಲ್ಲ ಎನ್ನುತ್ತದೆ. ಕ್ರಿ.ಪೂ. ಸುಮಾರು 840ರ ಮೋವಾಬಿನ ಅರಸ ಮೇಷನ ಶಾಸನ, 1868ರಲ್ಲಿ ಬೆಳಕಿಗೆ ಬಂದು ಈಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವುದು, ಇಸ್ರಾಯೇಲ್ ಶಾಶ್ವತವಾಗಿ ನಾಶವಾಯಿತು ಎಂದು ಕೊಚ್ಚಿಕೊಳ್ಳುತ್ತದೆ. ನೆಬೋ ಊರಿನ 7,000 ಜನರನ್ನು ತನ್ನ ದೇವತೆಗೆ ಮೀಸಲಾಗಿ ಕೊಂದೆನೆಂದು ಅರಸನು ಹೇಳಿಕೊಳ್ಳುತ್ತಾನೆ. ಎರಡು ಸಲ ನಿರ್ನಾಮವಾದ ಇಸ್ರಾಯೇಲ್ ಆಮೇಲೂ ಬದುಕಿತ್ತು. ಯೆಹೋಶುವನ ಪುಸ್ತಕದಲ್ಲೂ ಇದೇ ಜಾಡು ಕಾಣುತ್ತದೆ. 10:36–39ರಲ್ಲಿ ಹೆಬ್ರೋನ್ ಮತ್ತು ದೆಬೀರ್ ಊರುಗಳಲ್ಲಿ ಒಬ್ಬರೂ ಉಳಿಯಲಿಲ್ಲ. 15ನೇ ಅಧ್ಯಾಯದಲ್ಲಿ ಕಾಲೇಬನ ಕಡೆಯವರು ಅದೇ ಊರುಗಳಿಗಾಗಿ ಮತ್ತೆ ಹೋರಾಡಬೇಕಾಗುತ್ತದೆ. ನ್ಯಾಯಸ್ಥಾಪಕರು 1 ಹೊರಡಿಸಲಾಗದೆ ಉಳಿದವರ ಉದ್ದನೆಯ ಪಟ್ಟಿಯನ್ನೇ ಕೊಡುತ್ತದೆ. ಧರ್ಮೋಪದೇಶಕಾಂಡ 7ರಲ್ಲಿ ನಿರ್ನಾಮ ಮಾಡಿರಿ ಎಂದ ಮರುವಚನದಲ್ಲೇ ಅವರೊಂದಿಗೆ ಬೀಗತನ ಬೆಳೆಸಬೇಡಿ ಎಂಬ ಮಾತು ಬರುತ್ತದೆ; ಎಲ್ಲರೂ ಸತ್ತಿದ್ದರೆ ಆ ಎಚ್ಚರಿಕೆ ಬೇಕಿರಲಿಲ್ಲ.

ಸುವಾರ್ತಾವಾದಿಗಳಿಗೆ ಈ ದಾರಿ ಹಿಡಿಸಲು ಒಂದು ಕಾರಣವಿದೆ. ಗ್ರಂಥದಲ್ಲಿ ಯಾವ ತಪ್ಪೂ ಇಲ್ಲ ಎಂದು ಸಾರುವ 1978ರ ಷಿಕಾಗೋ ಹೇಳಿಕೆ ತನ್ನ 13ನೇ ವಿಧಿಯಲ್ಲಿ ಉತ್ಪ್ರೇಕ್ಷೆಗೂ ದುಂಡುಸಂಖ್ಯೆಗಳಿಗೂ ಜಾಗ ಬಿಟ್ಟಿದೆ. ಆದ್ದರಿಂದ ಗ್ರಂಥವನ್ನು ಬಿಟ್ಟುಕೊಡದೆ ಹತ್ಯಾಕಾಂಡವನ್ನು ಚಿಕ್ಕದು ಮಾಡಬಹುದು. ಆದರೆ ಸತ್ತವರ ಸಂಖ್ಯೆ ಇಳಿದರೆ ಆಜ್ಞೆಯ ಸ್ವಭಾವ ಬದಲಾಗುವುದಿಲ್ಲ. ಮೇಲಾಗಿ, ಒಂದನೆಯ ಸಮುವೇಲ 15ರಲ್ಲಿ ಈ ವಾದ ತನ್ನ ಮೇಲೇ ತಿರುಗಿಬೀಳುತ್ತದೆ. ಅಲ್ಲಿ ಕತೆ ನಿಂತಿರುವುದೇ ಆಜ್ಞೆ ಅಕ್ಷರಶಃ ನಡೆಯಲಿಲ್ಲ ಎಂಬುದರ ಮೇಲೆ: ಒಬ್ಬ ಅರಸನೂ ಕೆಲವು ಕುರಿಗಳೂ ಉಳಿದದ್ದಕ್ಕೆ ಸೌಲನು ರಾಜ್ಯವನ್ನೇ ಕಳೆದುಕೊಳ್ಳುತ್ತಾನೆ. ಕುರಿಗಳ ಬಗ್ಗೆ ಅಷ್ಟು ಅಕ್ಷರಶಃ ಇರುವ ಆಜ್ಞೆ ಕೂಸುಗಳ ಬಗ್ಗೆ ಮಾತ್ರ ಅಲಂಕಾರವೆಂದರೆ ನಂಬುವುದು ಕಷ್ಟ. ನಿರ್ನಾಮವಾದ ಅಮಾಲೇಕ್ಯರು 27 ಮತ್ತು 30ನೇ ಅಧ್ಯಾಯಗಳಲ್ಲಿ ಮತ್ತೆ ಬರುತ್ತಾರೆ, 400 ಮಂದಿ ಒಂಟೆ ಹತ್ತಿ ಪಾರಾಗುತ್ತಾರೆ ಎಂಬುದೂ ನಿಜ. ಹಾಗಾಗಿ ವರದಿಯಲ್ಲಿ ಉತ್ಪ್ರೇಕ್ಷೆ ಇದೆ, ಆಜ್ಞೆಯಲ್ಲಿ ಇಲ್ಲ ಎಂಬಷ್ಟನ್ನು ಹೇಳಬಹುದು.

ಇತಿಹಾಸ ವಿಮರ್ಶೆಯ ದಾರಿ ಇನ್ನೂ ದೂರ ಹೋಗುತ್ತದೆ. 1952ರಿಂದ 1958ರವರೆಗೆ ಯೆರಿಕೋದಲ್ಲಿ ಉತ್ಖನನ ನಡೆಸಿದ ಕ್ಯಾಥ್ಲೀನ್ ಕೆನ್ಯನ್, ಅಲ್ಲಿನ ಗೋಡೆಯುಳ್ಳ ಪಟ್ಟಣ ಕ್ರಿ.ಪೂ. 1550ರ ಹೊತ್ತಿಗೇ ನಾಶವಾಗಿತ್ತು ಎಂಬ ನಿರ್ಣಯಕ್ಕೆ ಬಂದರು. ಕಾನಾನ್ ಪ್ರವೇಶವನ್ನು ಹೆಚ್ಚಿನ ವಿದ್ವಾಂಸರು ಇಡುವ ಕ್ರಿ.ಪೂ. 13ನೇ ಶತಮಾನದಲ್ಲಿ ಉರುಳಿಸಲು ಅಂಥ ಗೋಡೆ ಇರಲಿಲ್ಲ. ಯೆಹೋಶುವನ ಪುಸ್ತಕ ಈಗಿನ ರೂಪ ಪಡೆದದ್ದು ಕ್ರಿ.ಪೂ. ಏಳು-ಆರನೇ ಶತಮಾನಗಳಲ್ಲಿ, ವಿಗ್ರಹಾರಾಧನೆಯನ್ನು ಬೇರುಸಹಿತ ಕೀಳಬೇಕೆಂಬ ಹೊತ್ತಿನಲ್ಲಿ ಎಂಬುದು ವ್ಯಾಪಕವಾದ ಅಭಿಪ್ರಾಯ. ಹಾಗಾದರೆ ಹತ್ಯಾಕಾಂಡ ನಡೆದೇ ಇರಲಿಕ್ಕಿಲ್ಲ. ಇದನ್ನು ಕೇಳಿ ಹಲವರು ನಿಟ್ಟುಸಿರು ಬಿಡುತ್ತಾರೆ, ಆದರೆ ನೆಮ್ಮದಿಪಡಲು ಇನ್ನೂ ಕಾಲವಾಗಿಲ್ಲ. ನಡೆಯದ ಹತ್ಯೆಯನ್ನು ದೇವರ ಹೆಸರಿನಲ್ಲಿ ಕೊಂಡಾಡಿದ್ದು ಯಾಕೆ, ಅದನ್ನು ಪವಿತ್ರವೆಂದು ಓದುವವರು ಏನು ಕಲಿಯುತ್ತಾರೆ ಎಂಬ ಪ್ರಶ್ನೆ ಹಾಗೆಯೇ ಇದೆ. ಉತ್ತರ ಅಮೆರಿಕದ ಪ್ಯೂರಿಟನ್ ಬೋಧಕರಲ್ಲಿ ಕೆಲವರು ಅಲ್ಲಿನ ಮೂಲನಿವಾಸಿಗಳನ್ನು ಅಮಾಲೇಕ್ಯರೆಂದು ಕರೆದಾಗ ಅವರ ಕೈಯಲ್ಲಿ ಇದ್ದದ್ದು ಈ ಪಠ್ಯವೇ.

ಮತ್ತೊಂದು ದಾರಿ ಸಭೆಯಷ್ಟೇ ಹಳೆಯದು. ಮೂರನೇ ಶತಮಾನದ ಒರಿಜೆನ್ ಯೆಹೋಶುವನ ಮೇಲೆ ಮಾಡಿದ ಪ್ರಸಂಗಗಳಲ್ಲಿ, ಈ ಯುದ್ಧಗಳು ಆತ್ಮಿಕ ಯುದ್ಧಗಳ ಸಂಕೇತವಲ್ಲದಿದ್ದರೆ ಅಪೊಸ್ತಲರು ಈ ಪುಸ್ತಕಗಳನ್ನು ಕ್ರಿಸ್ತನ ಶಿಷ್ಯರಿಗೆ ಓದಲು ಕೊಡುತ್ತಲೇ ಇರಲಿಲ್ಲ ಎನ್ನುತ್ತಾರೆ. ಕೊಲ್ಲಬೇಕಾದ ಅರಸರು ನಮ್ಮೊಳಗಿನ ಕೋಪ, ಅಹಂಕಾರಗಳು. ನಾಲ್ಕನೇ ಶತಮಾನದಲ್ಲಿ ನಿಸ್ಸದ ಗ್ರೆಗರಿ ಐಗುಪ್ತದ ಚೊಚ್ಚಲುಗಳ ಸಾವಿನ ಕತೆಗೆ ಬಂದಾಗ ಎದೆಗಾರಿಕೆಯಿಂದ ಕೇಳುತ್ತಾರೆ: ಪಾಪ ಮಾಡಿದವನು ತಂದೆ, ದಂಡ ತೆರುವುದು ಈಗಷ್ಟೇ ಹುಟ್ಟಿದ ಕೂಸು, ಇದರಲ್ಲಿ ನ್ಯಾಯವೆಲ್ಲಿ? ಯೆಹೆಜ್ಕೇಲನ ಮಾತನ್ನು ಎದುರಿಗಿಟ್ಟು, ಕೆಡುಕನ್ನು ಮೊಳಕೆಯಲ್ಲೇ ಚಿವುಟಬೇಕೆಂಬ ಸಂಕೇತಾರ್ಥಕ್ಕೆ ಅವರು ತಿರುಗುತ್ತಾರೆ. ಈ ತೊಳಲಾಟ ಆಧುನಿಕರ ಮೆದುಮನಸ್ಸಿನ ಫಲ ಎಂದು ಹೇಳುವವರು ಗ್ರೆಗರಿಯವರನ್ನು ಓದಬೇಕು. ಸಂಕೇತಾರ್ಥದ ದೋಷವೂ ಸ್ಪಷ್ಟವಿದೆ: ಓದುಗನ ಆತ್ಮಕ್ಕೆ ಪಾಠ ಸಿಗುತ್ತದೆ, ಕತೆಯಲ್ಲಿ ಸತ್ತವರು ಕಣ್ಮರೆಯಾಗುತ್ತಾರೆ.

ಈಚೆಗೆ ಅಮೆರಿಕದ ಗ್ರೆಗ್ ಬಾಯ್ಡ್ 2017ರಲ್ಲಿ ಎರಡು ಸಂಪುಟಗಳಲ್ಲಿ ಇನ್ನೊಂದು ವಾದ ಮುಂದಿಟ್ಟರು. ಶಿಲುಬೆಯ ಮೇಲೆ ದೇವರು ಅಪರಾಧಿಯ ರೂಪವನ್ನು ಹೊತ್ತಂತೆ, ಹಳೆಯ ಒಡಂಬಡಿಕೆಯಲ್ಲಿ ತನ್ನ ಜನರ ಹಿಂಸಾತ್ಮಕ ಕಲ್ಪನೆಯನ್ನೂ ತನ್ನ ಮೈಮೇಲೆ ಹೊತ್ತುಕೊಂಡನು. ಆಜ್ಞೆ ಅವರ ಗ್ರಹಿಕೆಯದು, ಸಹಿಸಿಕೊಂಡವನು ದೇವರು. ಇದಕ್ಕೆ ಬೀಜ ಮಾರ್ಕ 10:5ರಲ್ಲಿದೆ. ವಿವಾಹವಿಚ್ಛೇದನಕ್ಕೆ ಮೋಶೆ ಅಪ್ಪಣೆ ಕೊಟ್ಟದ್ದು ನಿಮ್ಮ ಹೃದಯ ಕಲ್ಲಾಗಿದ್ದರಿಂದ ಎಂದು ಅಲ್ಲಿ ಯೇಸು ಹೇಳುತ್ತಾನೆ. ಅಂದರೆ ಗ್ರಂಥದಲ್ಲಿ ಬರೆದಿರುವ ವಿಧಿಯೂ ದೇವರ ಮೂಲ ಇಚ್ಛೆಗಿಂತ ಕೆಳಗಿರಬಹುದು. ಆದರೆ ಅಪ್ಪಣೆ ಬೇರೆ, ಆಜ್ಞೆ ಬೇರೆ ಎಂದು ವಿರೋಧಿಗಳು ಹೇಳುವುದರಲ್ಲಿ ಹುರುಳಿದೆ. ಯಾವುದು ದೇವರ ಮಾತು, ಯಾವುದು ಮನುಷ್ಯನ ಗ್ರಹಿಕೆ ಎಂದು ವಿಂಗಡಿಸುವವರು ಯಾರು ಎಂಬ ಪ್ರಶ್ನೆಗೂ ಬಾಯ್ಡ್ ಎಲ್ಲರಿಗೂ ಒಪ್ಪಿಗೆಯಾಗುವ ಉತ್ತರ ಕೊಟ್ಟಿಲ್ಲ.

ಒಂದು ದಾರಿಯನ್ನು ಸಭೆ ಬಹಳ ಬೇಗ ಮುಚ್ಚಿತು. ಕ್ರಿ.ಶ. ಸುಮಾರು 144ರಲ್ಲಿ ರೋಮಿನ ಸಭೆ ಮಾರ್ಸಿಯನ್‌ನನ್ನು ಹೊರಗೆ ಹಾಕಿ, ಅವನು ಕಾಣಿಕೆಯಾಗಿ ಕೊಟ್ಟಿದ್ದ ಹಣವನ್ನೂ ಹಿಂದಿರುಗಿಸಿತು. ಹಳೆಯ ಒಡಂಬಡಿಕೆಯ ದೇವರು ಬೇರೆ, ಯೇಸುವಿನ ತಂದೆ ಬೇರೆ ಎಂದು ಅವನು ಕಲಿಸಿದ್ದ. ಕತ್ತರಿಸಿದ ಲೂಕನ ಸುವಾರ್ತೆ ಮತ್ತು ಪೌಲನ ಹತ್ತು ಪತ್ರಗಳಷ್ಟೇ ಅವನ ಗ್ರಂಥ. ಆ ಹೆಸರು ಮರೆತುಹೋದರೂ 'ಅದು ಹಳೆಯ ಒಡಂಬಡಿಕೆ, ನಮಗೆ ಸಂಬಂಧವಿಲ್ಲ' ಎಂಬ ಮಾತು ಸಭೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಇದು ತಪ್ಪು ಮಾತ್ರವಲ್ಲ, ಅಪಾಯ. ಕ್ರೂರ ದೇವರನ್ನು ಯೆಹೂದ್ಯರ ಪಾಲಿಗೆ ಬಿಟ್ಟು ಕರುಣಾಳು ದೇವರನ್ನು ತಾನಿಟ್ಟುಕೊಳ್ಳುವ ಈ ಹಂಚಿಕೆ ಶತಮಾನಗಳ ಕಾಲ ಯೆಹೂದ್ಯ ದ್ವೇಷಕ್ಕೆ ಗೊಬ್ಬರವಾಯಿತು.

ಗ್ರಂಥದೊಳಗೇ ನಡೆಯುವ ವಾದ

ಮೂರನೆಯ ಪ್ರಶ್ನೆಗೆ, ಅಂದರೆ ಓದುವುದು ಹೇಗೆ ಎಂಬುದಕ್ಕೆ, ನನ್ನ ತಿಳಿವಿನಲ್ಲಿ ಅತ್ಯುತ್ತಮ ಸುಳಿವು ಇರುವುದು ಗ್ರಂಥದ ಒಳಗೇ. ಎರಡನೆಯ ಅರಸುಗಳು 10:30ರಲ್ಲಿ, ಅರಸ ಅಹಾಬನ ಮನೆತನವನ್ನು ಅಳಿಸಿ ಪಟ್ಟವೇರಿದ ಯೇಹುವಿಗೆ ನೀನು ಮಾಡಿದ್ದು ಸರಿ ಎಂದು ಯೆಹೋವನು ಹೇಳಿ ನಾಲ್ಕು ತಲೆಮಾರಿನ ಪಟ್ಟ ಕೊಡುತ್ತಾನೆ. ಹೋಶೇಯ 1:4ರಲ್ಲಿ ಅದೇ ಯೆಹೋವನು ಇಜ್ರೇಲಿನಲ್ಲಿ ಸುರಿದ ರಕ್ತಕ್ಕಾಗಿ ಯೇಹುವಿನ ಮನೆತನವನ್ನು ದಂಡಿಸುವೆನು ಎನ್ನುತ್ತಾನೆ. ಜನಗಣತಿಗೆ ದಾವೀದನನ್ನು ಪ್ರೇರಿಸಿದವನು ಎರಡನೆಯ ಸಮುವೇಲ 24:1ರ ಪ್ರಕಾರ ಯೆಹೋವನು, ಒಂದನೆಯ ಪೂರ್ವಕಾಲವೃತ್ತಾಂತ 21:1ರ ಪ್ರಕಾರ ಸೈತಾನನು. ಆ ಗಣತಿಯ ದಂಡವಾಗಿ ಬಂದ ವ್ಯಾಧಿಯಲ್ಲಿ 70,000 ಜನ ಸತ್ತರೆಂದು ಎರಡೂ ಕಡೆ ಇದೆ. ತಂದೆಗಳ ಅಪರಾಧವನ್ನು ಮೂರು ನಾಲ್ಕು ತಲೆಗಳವರೆಗೆ ವಿಚಾರಿಸುವ ವಿಮೋಚನಕಾಂಡ 20:5ಕ್ಕೆ ಯೆಹೆಜ್ಕೇಲನು ಒಂದು ಅಧ್ಯಾಯದುದ್ದಕ್ಕೂ ಎದುರುತ್ತರ ಕೊಡುತ್ತಾನೆ. ಸಂಕಲನ ಮಾಡಿದವರಿಗೆ ಇವು ಕಾಣಲಿಲ್ಲವೆಂದಲ್ಲ. ಎರಡೂ ದನಿಗಳನ್ನು ಉಳಿಸಿಕೊಂಡರು.

ಯೋಬನ ಪುಸ್ತಕದಲ್ಲಿ ಇದು ತುತ್ತತುದಿಗೆ ಹೋಗುತ್ತದೆ. ನೀತಿವಂತನಾಗಿದ್ದೂ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಮುಂದೆ ಅವನ ಗೆಳೆಯರಾದ ಎಲೀಫಜ, ಬಿಲ್ದದ, ಚೋಫರರು ದೇವರ ಪರವಾಗಿ ಮಾತಾಡುತ್ತಾರೆ. ಅವರ ಮಾತುಗಳನ್ನು ಬಿಡಿಬಿಡಿಯಾಗಿ ನೋಡಿದರೆ ಭಕ್ತಿಯ ಮಾತುಗಳೇ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಪೌಲನು ಎಲೀಫಜನ ಒಂದು ಸಾಲನ್ನು ಗ್ರಂಥವಾಕ್ಯವಾಗಿಯೇ ಉಲ್ಲೇಖಿಸುತ್ತಾನೆ. ಯೋಬನು ದೇವರನ್ನು ಕಟಕಟೆಗೆ ಕರೆಯುತ್ತಾನೆ. ಆದರೂ 42:7ರಲ್ಲಿ ದೇವರು ಎಲೀಫಜನಿಗೆ, ನನ್ನ ಸೇವಕನಾದ ಯೋಬನಂತೆ ನೀವು ನನ್ನ ವಿಷಯವಾಗಿ ಸರಿಯಾದದ್ದನ್ನು ಆಡಲಿಲ್ಲ ಎನ್ನುತ್ತಾನೆ. ದೇವರನ್ನು ಸಮರ್ಥಿಸಲು ನೊಂದವನ ಮೇಲೆ ಸುಳ್ಳು ಅಪರಾಧ ಹೊರಿಸಿದ್ದು ಗೆಳೆಯರ ತಪ್ಪು. ಈ ವಚನವನ್ನು ಗಂಭೀರವಾಗಿ ತೆಗೆದುಕೊಂಡ ಸಭೆಯಲ್ಲಿ 'ನಿನ್ನ ನಂಬಿಕೆ ಸಾಲದು, ಅದಕ್ಕೇ ಮಗು ಗುಣವಾಗಲಿಲ್ಲ' ಎಂಬ ಮಾತಿಗೆ ಜಾಗವಿರಬಾರದು.

ಸುವಾರ್ತೆಗಳಲ್ಲಿ ಈ ಎಳೆ ಮುಂದುವರಿಯುತ್ತದೆ. ಲೂಕ 13ರಲ್ಲಿ ಸಿಲೋವದ ಬುರುಜು ಬಿದ್ದು ಸತ್ತ 18 ಮಂದಿ ಇತರರಿಗಿಂತ ಹೆಚ್ಚು ಅಪರಾಧಿಗಳಲ್ಲ ಎಂದು ಯೇಸು ಹೇಳುತ್ತಾನೆ. ಯೋಹಾನ 9ರಲ್ಲಿ ಹುಟ್ಟುಕುರುಡನ ಪಾಪವನ್ನು ಹುಡುಕುವ ಶಿಷ್ಯರನ್ನು ತಿದ್ದುತ್ತಾನೆ. ನಜರೇತಿನಲ್ಲಿ ಯೆಶಾಯ 61ನ್ನು ಓದುವಾಗ ಲೂಕನ ಪ್ರಕಾರ ಆತನು, ದೇವರು ಮುಯ್ಯಿತೀರಿಸುವ ದಿನ ಎಂಬ ಮಾತಿನ ಮುಂಚೆಯೇ ನಿಲ್ಲಿಸಿ ಸುರುಳಿಯನ್ನು ಸುತ್ತುತ್ತಾನೆ. ಇಷ್ಟರಿಂದಲೇ ಹೊಸ ಒಡಂಬಡಿಕೆ ಮೃದು ಎಂದು ತೀರ್ಮಾನಿಸಬಾರದು. ನಿತ್ಯದಂಡನೆಯ ಮಾತು ಹೆಚ್ಚಾಗಿ ಬರುವುದು ಯೇಸುವಿನ ಬಾಯಲ್ಲೇ, ಮತ್ತಾಯನ ಸುವಾರ್ತೆಯಲ್ಲಿ.

ಆ ಕಾರಣಕ್ಕೆ ದೈವನ್ಯಾಯದ ಚರ್ಚೆ ಈಗ ನರಕದ ಕಡೆಗೂ ಹರಿದಿದೆ. ಅಂತ್ಯವಿಲ್ಲದ ಪ್ರಜ್ಞಾಪೂರ್ವಕ ಯಾತನೆ ಎಂಬುದು ಬಹುಸಂಖ್ಯಾತ ಸಂಪ್ರದಾಯ. ಮತ್ತಾಯ 25:46 ಅದರ ಮುಖ್ಯ ಆಧಾರ. ದುಷ್ಟರು ಕೊನೆಗೆ ಇಲ್ಲವಾಗುತ್ತಾರೆ ಎಂಬವರು ಆತ್ಮವನ್ನೂ ದೇಹವನ್ನೂ ನಾಶಮಾಡಬಲ್ಲವನಿಗೆ ಹೆದರಿರಿ ಎಂಬ ಮತ್ತಾಯ 10:28ನ್ನು ತೋರಿಸುತ್ತಾರೆ. 1988ರಲ್ಲಿ ಆಂಗ್ಲಿಕನ್ ನಾಯಕ ಜಾನ್ ಸ್ಟಾಟ್ ತಾತ್ಕಾಲಿಕವಾಗಿ ಈ ಕಡೆ ಒಲಿದಾಗ ಸುವಾರ್ತಾವಾದಿಗಳಲ್ಲಿ ದೊಡ್ಡ ಗದ್ದಲವೆದ್ದಿತು. ಕೊನೆಗೆ ಎಲ್ಲರೂ ರಕ್ಷಣೆ ಹೊಂದುತ್ತಾರೆ ಎಂಬ ಮೂರನೆಯ ನಿಲುವನ್ನು 2019ರಲ್ಲಿ ಆರ್ಥೊಡಾಕ್ಸ್ ಚಿಂತಕ ಡೇವಿಡ್ ಬೆಂಟ್ಲಿ ಹಾರ್ಟ್ ಕಟುವಾಗಿ ವಾದಿಸಿದರು. ಅವರು ಒರಗುವುದು ಕೊರಿಂಥ ಪತ್ರದ 15ನೇ ಅಧ್ಯಾಯಕ್ಕೂ ನಿಸ್ಸದ ಗ್ರೆಗರಿಗೂ. ಮೂವರ ನಡುವಿನ ತಿರುಗಣೆ ಒಂದೇ: ಸೀಮಿತ ಆಯುಷ್ಯದ ಪಾಪಕ್ಕೆ ಅಪರಿಮಿತ ದಂಡ ನ್ಯಾಯವೇ? ಹೌದೆನ್ನುವವರು ಪಾಪದ ಗುರುತ್ವವನ್ನು ಅಪರಿಮಿತನಾದ ದೇವರಿಂದ ಅಳೆಯುತ್ತಾರೆ, ಅಲ್ಲವೆನ್ನುವವರು ಪಾಪ ಮಾಡಿದವನ ಸಾಮರ್ಥ್ಯದಿಂದ.

ಒಂದು ಕಠಿಣ ಭಾಗವನ್ನು ಕೈಗೆತ್ತಿಕೊಂಡಾಗ

ಅಧ್ಯಯನ ಕೂಟದಲ್ಲಿ ಒಂದನೆಯ ಸಮುವೇಲ 15ನ್ನು ಓದುವುದಾದರೆ ಕ್ರಮ ಮುಖ್ಯ. ಮೊದಲು ಇಡೀ 35 ವಚನಗಳನ್ನು ಗಟ್ಟಿಯಾಗಿ, ವಿವರಣೆಯಿಲ್ಲದೆ ಓದಬೇಕು. ವಿವರಣೆ ಮೊದಲು ಬಂದರೆ ಜನ ಪಠ್ಯವನ್ನು ಕೇಳಿಸಿಕೊಳ್ಳುವುದೇ ಇಲ್ಲ. ಆಮೇಲೆ ಏನು ಕಸಿವಿಸಿಯಾಯಿತು ಎಂದು ಹೇಳಲು ಬಿಡಬೇಕು, ಯಾರನ್ನೂ ತಿದ್ದಬಾರದು. ಕಸಿವಿಸಿ ಅಪನಂಬಿಕೆಯಲ್ಲ, ಅಬ್ರಹಾಮನಿಗೆ ಆದದ್ದೂ ಅದೇ.

ಅನಂತರ ಪಠ್ಯ ತಾನೇ ಏನು ಹೇಳುತ್ತದೆ ಎಂದು ನೋಡುವುದು. ಈ ಅಧ್ಯಾಯದ ವಿಷಯ ಸೌಲನ ಪಟ್ಟ ಹೋದದ್ದು; ಮುಂದೆ ಯಾರಾದರೂ ಹೀಗೆ ಯುದ್ಧ ಮಾಡಬೇಕೆಂಬ ಸಾರ್ವಕಾಲಿಕ ನಿಯಮ ಇಲ್ಲಿಲ್ಲ. 29ನೇ ವಚನದಲ್ಲಿ ದೇವರು ಪಶ್ಚಾತ್ತಾಪಪಡುವವನಲ್ಲ ಎಂದಿದೆ, 11 ಮತ್ತು 35ರಲ್ಲಿ ಸೌಲನನ್ನು ಅರಸನಾಗಿ ಮಾಡಿದ್ದಕ್ಕೆ ಪಶ್ಚಾತ್ತಾಪಪಟ್ಟನು ಎಂದಿದೆ. ಹೀಗೆ ತನ್ನೊಳಗೇ ಜಗ್ಗಾಡುವ ಅಧ್ಯಾಯದಿಂದ ಒಂದೇ ವಚನ ಕಿತ್ತು ಸಿದ್ಧಾಂತ ಕಟ್ಟುವುದು ಅಪಾಯ. ಇದರ ಹಿನ್ನೆಲೆಗೆ ವಿಮೋಚನಕಾಂಡ 17 ಮತ್ತು ಧರ್ಮೋಪದೇಶಕಾಂಡ 25:17–19ನ್ನು ತೆರೆಯಬೇಕು. ಬಳಲಿ ಹಿಂದೆ ಬಿದ್ದವರ ಮೇಲೆ ಅಮಾಲೇಕ್ಯರು ಬಿದ್ದದ್ದು ಅಲ್ಲಿದೆ. ಎದುರುದನಿಗೆ ಯೋನ 4, ಯೆಹೆಜ್ಕೇಲ 18, ಹೋಶೇಯ 1. ಶಾಸನಗಳ ಮಾತು ಇದಾದ ಮೇಲೆ ಬರಲಿ. ಕೊನೆಗೆ ಸುವಾರ್ತೆ: ಶತ್ರುಗಳನ್ನು ಪ್ರೀತಿಸಿರಿ ಎಂದವನು ಈ ಭಾಗವನ್ನು ಹೇಗೆ ಓದಿದ್ದಾನು? ಎರಡು ತಾಸಿನ ಕೂಟ ಒಂದಕ್ಕೆ ಇದು ಹಿಡಿಸುವುದಿಲ್ಲ, ಮೂರಾದರೂ ಬೇಕು.

ಸಾಮಾನ್ಯವಾಗಿ ಎಡವುವುದು ನಡುವೆ. ಮುಂದಾಳು ಮೌನಕ್ಕೆ ಹೆದರಿ ತನಗೆ ಗೊತ್ತಿರುವ ಒಂದು ಉತ್ತರವನ್ನು ಮುಂದಿಡುತ್ತಾನೆ, ಚರ್ಚೆ ಆ ಉತ್ತರದ ಸುತ್ತ ಗಿರಕಿ ಹೊಡೆಯುತ್ತದೆ. ಅದರ ಬದಲು ಮೇಲಿನ ಪ್ರತಿ ಉತ್ತರಕ್ಕೂ ಎರಡು ಪ್ರಶ್ನೆ ಕೇಳಿಸಬೇಕು: ಇದು ಗ್ರಂಥದ ಯಾವ ಮಾತನ್ನು ಬದಿಗೆ ಸರಿಸುತ್ತದೆ? ಇದನ್ನು ಮಗು ಕಳೆದುಕೊಂಡ ತಾಯಿಯ ಮುಂದೆ ಹೇಳಬಹುದೇ? ಅಗಸ್ಟೀನರದೂ ಇದಕ್ಕೆ ಹತ್ತಿರದ ಅಳತೆ. ಕ್ರೈಸ್ತ ಬೋಧನೆಯ ಬಗೆಗಿನ ಕೃತಿಯ ಮೂರನೇ ಭಾಗದಲ್ಲಿ ಅವರು, ಅಕ್ಷರಾರ್ಥದಲ್ಲಿ ಸದ್ವರ್ತನೆಗೂ ಸತ್ಯನಂಬಿಕೆಗೂ ಒಗ್ಗದ ಮಾತನ್ನು ಸಂಕೇತವೆಂದು ತಿಳಿಯಬೇಕು, ಅರ್ಥ ಪ್ರೀತಿಯ ಆಳ್ವಿಕೆಗೆ ತಲುಪುವ ತನಕ ಓದು ಮುಗಿಯದು ಎನ್ನುತ್ತಾರೆ.

ಕೀರ್ತನೆ 137ರಂಥ ಭಾಗಕ್ಕೆ ಬೇರೆ ವಿಧಾನ ಬೇಕು. ಬಾಬೆಲಿನ ಕೂಸುಗಳನ್ನು ಬಂಡೆಗೆ ಅಪ್ಪಳಿಸುವವನು ಧನ್ಯ ಎಂಬುದು ಅಲ್ಲಿ ದೇವರ ಆಜ್ಞೆಯಲ್ಲ, ಪಟ್ಟಣ ಸುಟ್ಟು ಸೆರೆಹೋದವರ ಕೂಗು. ಸೇಡನ್ನು ಅವರು ಕತ್ತಿಗೆ ಒಪ್ಪಿಸದೆ ಪ್ರಾರ್ಥನೆಗೆ ಒಪ್ಪಿಸಿದ್ದಾರೆ. ಕಥೊಲಿಕ ಸಭೆ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ದೈನಂದಿನ ಪ್ರಾರ್ಥನಾಪುಸ್ತಕವನ್ನು ಪರಿಷ್ಕರಿಸಿದಾಗ ಇಬ್ರಿಯ ಎಣಿಕೆಯ 58, 83, 109ನೇ ಕೀರ್ತನೆಗಳನ್ನು ಪೂರ್ತಿಯಾಗಿಯೂ 137ರ ಕೊನೆಯ ವಚನಗಳನ್ನೂ ಬಿಟ್ಟಿತು. ಕಾರಣ ಅರ್ಥವಾಗುತ್ತದೆ. ಆದರೆ ಅತ್ಯಾಚಾರಕ್ಕೆ ಒಳಗಾದವರು, ಯುದ್ಧದಲ್ಲಿ ಮನೆಯವರನ್ನು ಕಳೆದುಕೊಂಡವರು ತಮ್ಮ ಕೋಪವನ್ನು ದೇವರ ಮುಂದೆ ಯಾವ ಮಾತಿನಲ್ಲಿ ಇಡಬೇಕು?

ಪ್ರೊಟೆಸ್ಟೆಂಟ್ ಸಭೆಗಳಲ್ಲಿ ವ್ಯಾಪಕವಾಗಿ ಬಳಸುವ, 1992ರಲ್ಲಿ ಪ್ರಕಟವಾದ ಮೂರು ವರ್ಷಗಳ ವಾಚನಪಟ್ಟಿಯೂ ಹೀಗೆಯೇ. ಅದರಲ್ಲಿ ಒಂದನೆಯ ಸಮುವೇಲನ ಒಂದು ಭಾನುವಾರದ ವಾಚನ ಆರಂಭವಾಗುವುದು 15:34ರಿಂದ, ಅಂದರೆ ಸಮುವೇಲನು ಅಗಾಗನನ್ನು ಕಡಿದುಹಾಕಿದ ವಚನದ ಮರುವಚನದಿಂದ. ಮೂರು ವರ್ಷ ತಪ್ಪದೆ ಆರಾಧನೆಗೆ ಬಂದವರೂ ಈ ಆಜ್ಞೆಯನ್ನು ವೇದಿಕೆಯಿಂದ ಕೇಳುವುದಿಲ್ಲ. ಹದಿಹರೆಯದಲ್ಲಿ ಅಂತರ್ಜಾಲದ ಯಾವುದೋ ವಿಡಿಯೊದಲ್ಲಿ, ನಂಬಿಕೆಯನ್ನು ಮುರಿಯಲೆಂದೇ ಎತ್ತಿಟ್ಟ ಸಾಕ್ಷ್ಯವಾಗಿ ಅದನ್ನು ಮೊದಲ ಸಲ ನೋಡುತ್ತಾರೆ. ಆಗ ಕೇಳಲು ಸಭೆಯಲ್ಲಿ ಯಾರೂ ಸಿದ್ಧರಿರುವುದಿಲ್ಲ. 2010ರಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟರು ದೇವರ ವಾಕ್ಯದ ಕುರಿತ ತಮ್ಮ ಬೋಧನಾಪತ್ರದ 42ನೇ ಪರಿಚ್ಛೇದದಲ್ಲಿ, ಗ್ರಂಥದ ಕತ್ತಲ ಭಾಗಗಳನ್ನು ಉಪೇಕ್ಷಿಸುವುದು ತಪ್ಪು, ಅವುಗಳನ್ನು ಓದಲು ತರಬೇತಿ ಬೇಕು ಎಂದು ವಿದ್ವಾಂಸರನ್ನೂ ಪಾಲಕರನ್ನೂ ಕೇಳಿಕೊಂಡಿದ್ದರು. ಆ ತರಬೇತಿ ಬೋಧಕರಾಗಲು ಕಲಿಯುವವರ ತರಗತಿಯಲ್ಲೇ ಮುಗಿಯದೆ, ದೃಢೀಕರಣಕ್ಕೆ ಸಿದ್ಧರಾಗುವ ಹದಿನಾಲ್ಕು ಹದಿನೈದರ ಮಕ್ಕಳ ಪಾಠದಲ್ಲೂ ಬರಬೇಕು. ಮೊದಲ ವರ್ಷಕ್ಕೆ ಮೂರು ಭಾಗ ಸಾಕು: ಆದಿಕಾಂಡ 18, ಒಂದನೆಯ ಸಮುವೇಲ 15, ಯೋಬ 42.